ಸುಟ್ಟ ಪತ್ರ, ಬರೆದ ಅರ್ಜಿ

ಸಾಲದ ಸುತ್ತ ನಮ್ಮ ಜನ ಆಡುವ ಮಾತುಗಳನ್ನು ಒಮ್ಮೆ ಗಮನವಿಟ್ಟು ಕೇಳಿ. ಬಾಕಿ, ಕಿಸ್ತು, ವಸೂಲಿ, ತಗಾದೆ, ಜಾಮೀನು, ದಸ್ತಾವೇಜು, ಜಪ್ತಿ. 'ಸಾಲ', 'ಬಡ್ಡಿ' ಎಂಬ ಎರಡನ್ನು ಬಿಟ್ಟರೆ ಇವೆಲ್ಲ ಅರಬಿ, ಫಾರಸಿಗಳಿಂದ ಹೊರಟು ಕಚೇರಿಯ ಬಾಗಿಲು ಹಾದು ಕನ್ನಡಕ್ಕೆ ಬಂದವು. ಉರ್ದು ಶಾಲೆಯಲ್ಲಿ ಅಲಿಫ್, ಬೇ ಕಲಿತು ಆಮೇಲೆ ಕನ್ನಡ ಶಾಲೆಯ ಬೆಂಚಿಗೆ ಬಂದ ನನ್ನಂಥವರಿಗೆ ಇವು ಎರಡೂ ಮನೆಗೆ ಬೇಕಾದ ನೆಂಟರು.

ಇದೇ ಕಚೇರಿಯ ದಾರಿಯಲ್ಲಿ ಬಂದ ಇನ್ನೆರಡು ಮಾತುಗಳಿವೆ. ಒಂದು 'ರೈತ'. ಅದರ ಮೂಲ 'ರಈಯತ್'. ಅಂದರೆ ಹಿಂಡು, ಕಾಯಲ್ಪಡಬೇಕಾದ ಪ್ರಜೆ. ಆಳುವವನು ಕುರುಬನಿದ್ದಂತೆ, ತನ್ನ ರಈಯತ್ತಿನ ಬಗ್ಗೆ ಅವನು ಉತ್ತರ ಹೇಳಬೇಕಾದವನು ಎಂಬ ಪ್ರವಾದಿವಚನವನ್ನು ಕೇಳದ ಮುಸ್ಲಿಮನಿಲ್ಲ. ಇನ್ನೊಂದು 'ಅರ್ಜಿ'. ಅರ್ಜ್ ಎಂದರೆ ಅರಿಕೆ ಮಾಡಿಕೊಳ್ಳುವುದು. ಕಾಯಬೇಕಾದವನು ಕಾಯದೇ ಹೋದಾಗ ಹಿಂಡಿನ ಕೈಯಲ್ಲಿ ಉಳಿಯುವ ಸಾಧನ ಅದು.

ಪೇಟೆ ಕುಸಿದಾಗ, ಬೆಲೆ ಬಿದ್ದಾಗ, ದುಡಿಮೆ ನಿಂತಾಗ ಸಾಮಾನ್ಯ ಮನುಷ್ಯ ಸರಕಾರದ ನೀತಿಯನ್ನು ಸ್ವಲ್ಪವಾದರೂ ಅಲುಗಾಡಿಸಬಲ್ಲನೇ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ನಮ್ಮ ನೆರೆಯ ದಖ್ಖನ್ನಿನ ರೈತರು. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳಲ್ಲಿ ಅವರು ಸಾಲಪತ್ರಗಳನ್ನು ಸುಟ್ಟರು. ಅದೇ ದಶಕದಲ್ಲಿ ಅದೇ ನಾಡಿನಲ್ಲಿ ಬೇರೆ ಕೆಲವರು ಅರ್ಜಿಗಳನ್ನು ಬರೆದರು. ಬೆಂಕಿಯಿಂದ ಏನು ಸಿಕ್ಕಿತು, ಅರ್ಜಿಯಿಂದ ಏನು ಸಿಕ್ಕಿತು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇಂದಿಗೂ ಕಲಿಯಬೇಕಾದ ಪಾಠವೊಂದಿದೆ.

ಕತೆ ಶುರುವಾಗುವುದು ಏಳು ಸಮುದ್ರದ ಆಚೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅದಕ್ಕೆ ಮೊದಲು ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದಿಂದಲೇ ಬರುತ್ತಿತ್ತು. 1861ರಲ್ಲಿ 20 ಲಕ್ಷಕ್ಕೂ ಹೆಚ್ಚು ಬೇಲು ಬಂದದ್ದು 1862ರಲ್ಲಿ 55 ಸಾವಿರಕ್ಕೆ ಇಳಿಯಿತು. ಲಂಕಾಷೈರಿನ ಮಗ್ಗಗಳು ನಿಂತವು, ಗಿರಣಿ ಮಾಲೀಕರ ಕಣ್ಣು ಹಿಂದೂಸ್ತಾನದ ಕಪ್ಪು ಮಣ್ಣಿನ ಮೇಲೆ ಬಿತ್ತು. 1862ರ ಹೊತ್ತಿಗೆ ಇಂಗ್ಲೆಂಡಿಗೆ ಬರುವ ಹತ್ತಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಇಲ್ಲಿಂದಲೇ ಹೋಗತೊಡಗಿತು.

ನಮ್ಮ ಧಾರವಾಡವೂ ಈ ಹುಚ್ಚಿನಿಂದ ಹೊರಗೆ ಉಳಿಯಲಿಲ್ಲ. ಆಗ ಅದು ಮುಂಬಯಿ ಪ್ರಾಂತದ ಜಿಲ್ಲೆ. ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯನ್ನು ಇಲ್ಲಿ ಬಿತ್ತಿ ಬೆಳೆದ ಹತ್ತಿಗೆ 'ಧಾರವಾಡ-ಅಮೆರಿಕನ್' ಎಂಬ ಹೆಸರೇ ಬಿದ್ದಿತ್ತು. ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದ ನಾಟಿ ಹತ್ತಿ ಲಿವರ್‌ಪೂಲಿನ ಪೇಟೆಯಲ್ಲಿ ಕುಮಟಾ ಹತ್ತಿಯೆಂದೇ ಮಾರಾಟವಾಗುತ್ತಿತ್ತು. ಕಾರವಾರದಲ್ಲಿ ಹತ್ತಿಗಾಗಿ ಒಳ್ಳೆಯ ಬಂದರು ಬೇಕೆಂಬ ಒತ್ತಾಯಕ್ಕೆ ಮಣಿದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಗಿರಣಿಯವರಿಗೆ ಬೇಕೆನಿಸಿದರೆ ಜಿಲ್ಲೆಯ ಗಡಿಯೇ ಅಲುಗಾಡುತ್ತದೆ! ಸರಕಾರದ ನೀತಿಯ ಮೇಲೆ ಪ್ರಭಾವ ಬೀರುವುದು ಹೇಗೆಂದು ವ್ಯಾಪಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಂಬಯಿಯ ರಫ್ತು ವ್ಯಾಪಾರಿಗಳು ಪಟ್ಟಣದ ಸಾಹುಕಾರರಿಗೆ ಹಣ ಕೊಟ್ಟರು, ಅವರು ಹಳ್ಳಿಯ ಸಾಹುಕಾರರಿಗೆ ಕೊಟ್ಟರು, ಹಳ್ಳಿಯವರು ರೈತರ ಮನೆ ಬಾಗಿಲಿಗೆ ಬಂದು ಕರೆದು ಕೊಟ್ಟರು. ದಖ್ಖನ್ನಿನ ಹಳ್ಳಿಗಳಲ್ಲಿ ಹತ್ತಿ ಹಾಕಿದ ಎಕರೆಗೆ ನೂರು ರೂಪಾಯಿ ಮುಂಗಡ ಸಿಕ್ಕಿತು. ಕೆಲವರು ಕೈತುಂಬ ಗಳಿಸಿದರು ನಿಜ. ಬಹಳಷ್ಟು ಜನರಿಗೆ ಆ ಸುಗ್ಗಿ ಬಿಟ್ಟುಹೋದದ್ದು ಮೊದಲಿಗಿಂತ ದೊಡ್ಡ ಸಾಲವನ್ನು.

1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯುತ್ತ ಬಂತು. ಹತ್ತಿಯ ಬೆಲೆ ನೆಲಕ್ಕೆ ಬಿತ್ತು. ಷೇರು ಜೂಜಿನ ಅಮಲಿನಲ್ಲಿದ್ದ ಮುಂಬಯಿಯ ಪೇಟೆ ಅದೇ ವರ್ಷ ಜುಲೈ 1ರ ಲೆಕ್ಕ ತೀರಿಸುವ ದಿನ ಕುಸಿಯಿತು. ಮೂರು ವರ್ಷದೊಳಗೆ ಬ್ಯಾಂಕ್ ಆಫ್ ಬಾಂಬೆಯೇ ಮುಚ್ಚಿತು. ಮೇಲಿನ ಕೊಂಡಿ ಕಳಚಿದ ಕೂಡಲೆ ಕೆಳಗಿನ ಕೊಂಡಿಗಳು ಬಿಗಿಯಾದವು. ಮುಂಬಯಿಯವರು ಪಟ್ಟಣದವರನ್ನು ಹಿಡಿದರು, ಪಟ್ಟಣದವರು ಹಳ್ಳಿಯ ಸಾಹುಕಾರನನ್ನು, ಸಾಹುಕಾರ ರೈತನನ್ನು. ರೈತ ಹಿಡಿಯುವುದಾದರೂ ಯಾರನ್ನು? ಅವನ ಕೆಳಗೆ ಇದ್ದದ್ದು ನೆಲ ಮಾತ್ರ.

ಇಂಥ ಹೊತ್ತಿನಲ್ಲೇ ಸರಕಾರಕ್ಕೆ ತನ್ನ ಪಂಚಾಂಗ ನೆನಪಾಯಿತು. ಮೂವತ್ತು ವರ್ಷಕ್ಕೆಂದು ಗೊತ್ತುಮಾಡಿದ್ದ ಭೂಕಂದಾಯದ ಅವಧಿ ಮುಗಿದಿತ್ತು. 1867ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಿಂದ ಮರು ಸರ್ವೆ ಆರಂಭವಾಯಿತು. ಹತ್ತಿಯ ಸುಗ್ಗಿಯಲ್ಲಿ ಏರಿದ್ದ ಬೆಲೆಗಳನ್ನು ನೋಡಿ, ಅದೇ ಶಾಶ್ವತವೆಂದು ನಂಬಿ ಕಂದಾಯವನ್ನು ಹೆಚ್ಚಿಸಲಾಯಿತು. ಹಲವು ಕಡೆ ಏರಿಕೆ ನೂರಕ್ಕೆ 50ನ್ನು ಮೀರಿತು. ಆದಾಯ ಇಳಿಯುತ್ತಿದ್ದಾಗ ತೆರಿಗೆ ಏರಿತು. ಕಂದಾಯ ಕಟ್ಟಲು ರೈತ ಮತ್ತೆ ಹೋಗಬೇಕಾದದ್ದು ಅದೇ ಸಾಹುಕಾರನ ಬಳಿಗೆ.

ಅಲ್ಲಿ ಅವನಿಗಾಗಿ ಕಾಯುತ್ತಿದ್ದದ್ದು ಕಾಗದ. 1859ರಲ್ಲಿ ಸರಕಾರ ಒಂದು ಕಾಲಮಿತಿ ಕಾಯಿದೆಯನ್ನು ತಂದಿತ್ತು. ಸಾಲಪತ್ರಕ್ಕೆ ಮೂರು ವರ್ಷ ಮಾತ್ರ ಆಯುಷ್ಯ. ಬಡ್ಡಿ ಬೆಟ್ಟದಂತೆ ಬೆಳೆಯದಿರಲಿ ಎಂಬುದು ಅದರ ಉದ್ದೇಶ. ಕಾಯಿದೆ ಬರೆದವರು ಹಳ್ಳಿಯನ್ನು ಕಂಡಿರಲಿಲ್ಲ. ಸಾಹುಕಾರ ಮೂರು ವರ್ಷಕ್ಕೊಮ್ಮೆ ಹೊಸ ಪತ್ರ ಬರೆಸತೊಡಗಿದ. ತೀರದೆ ಉಳಿದ ಬಡ್ಡಿ ಹೊಸ ಪತ್ರದಲ್ಲಿ ಅಸಲಾಯಿತು, ಅದಕ್ಕೆ ಮತ್ತೆ ಬಡ್ಡಿ ಹತ್ತಿತು. ಕೊಟ್ಟ ಹಣಕ್ಕೆ ರಸೀದಿ ಇಲ್ಲ. ಪತ್ರದಲ್ಲಿ ಬರೆದದ್ದೇನೆಂದು ಹೆಬ್ಬೆಟ್ಟು ಒತ್ತುವವನಿಗೆ ತಿಳಿಯದು. ಕೆಲವರು ತಮ್ಮ ಎತ್ತು, ಗಾಡಿಗಳನ್ನು ಸಾಹುಕಾರನಿಗೆ ಬರೆದುಕೊಟ್ಟು, ಅವನ್ನೇ ಮತ್ತೆ ಬಾಡಿಗೆಗೆ ಪಡೆದು ಉಳುತ್ತಿದ್ದರು. ನ್ಯಾಯಾಲಯಕ್ಕೆ ಹೋದರೆ ಅಲ್ಲಿ ಕಣ್ಣಿಗೆ ಕಾಣುವುದೂ ಪತ್ರವೇ. ಪತ್ರದ ಹಿಂದಿನ ಮನುಷ್ಯನನ್ನು ನೋಡುವ ಪದ್ಧತಿ ಅಲ್ಲಿರಲಿಲ್ಲ.

ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ತು ಸಾಲಪತ್ರಕ್ಕೆ ಸಂಬಂಧಿಸಿದ್ದು ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಸೂರಃ ಅಲ್-ಬಕರದ 282ನೆಯ ಆಯತ್ತು ಅದು. ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಹೇಳಿ ಬರೆಸಬೇಕಾದವನು ಸಾಲ ಪಡೆದವನೇ, ಅವನಿಗೆ ಆ ಶಕ್ತಿಯಿಲ್ಲದಿದ್ದರೆ ಅವನ ಪರವಾದವನು ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು ಎಂಬುದು ಅದರ ತಾತ್ಪರ್ಯ. ಅದಕ್ಕೆ ಸ್ವಲ್ಪವೇ ಮುಂಚೆ, ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂಬ ಆದೇಶವಿದೆ. ಕಾಗದ ಯಾರ ಕೈಯಲ್ಲಿದೆ, ಅದನ್ನು ಹೇಳಿ ಬರೆಸಿದವರು ಯಾರು ಎಂಬುದು ಎಷ್ಟು ದೊಡ್ಡ ಪ್ರಶ್ನೆಯೆಂದು ದಖ್ಖನ್ನಿನ ರೈತರು ಅನುಭವದಿಂದ ಕಲಿತರು. ಅವರಲ್ಲಿ ಹೆಚ್ಚಿನವರು ಮರಾಠ ಕುಣಬಿಗಳು. ಬಡತನದ ಪಾಠಕ್ಕೆ ಜಾತಿಮತವಿಲ್ಲ.

1874ರ ಕೊನೆಯಲ್ಲಿ ಸಿರೂರು ತಾಲೂಕಿನ ಕರ್ಡೆ ಎಂಬ ಹಳ್ಳಿಯಲ್ಲಿ ಜನ ಸಾಹುಕಾರರನ್ನು ಬಹಿಷ್ಕರಿಸಿದರು. ನೀರು ತರುವವರು, ಕ್ಷೌರದವರು, ಮನೆಗೆಲಸದವರು ಅವರ ಮನೆಗೆ ಹೋಗುವುದನ್ನು ನಿಲ್ಲಿಸಿದರು. ಕೆಲವು ಹಳ್ಳಿಗಳು ಸಾಹುಕಾರರ ಹೊಲ ಉಳುವುದಿಲ್ಲವೆಂದು ತಮ್ಮ ತಮ್ಮಲ್ಲೇ ಒಪ್ಪಂದ ಮಾಡಿಕೊಂಡವು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ಅದು ಬೇರೆ ರೂಪ ತಾಳಿತು. ಸುಪೆ ಒಂದು ಸಂತೆಯ ಊರು. ಸುತ್ತಲ ಹಳ್ಳಿಗಳ ರೈತರು ಅಲ್ಲಿ ಸೇರಿ ಸಾಹುಕಾರರ ಅಂಗಡಿಗಳಿಗೆ ನುಗ್ಗಿ ವಹಿಗಳನ್ನೂ ಸಾಲಪತ್ರಗಳನ್ನೂ ಕೇಳಿದರು, ಕಿತ್ತುಕೊಂಡು ಸುಟ್ಟರು. ಧಾನ್ಯದ ಅಂಗಡಿಗಳು ಲೂಟಿಯಾದವು, ಕೆಲವು ಮನೆಗಳಿಗೂ ಬೆಂಕಿ ಬಿತ್ತು. ಅಲ್ಲಿಂದ ಗಲಭೆ ಅಹಮದ್‌ನಗರಕ್ಕೆ ಹಬ್ಬಿ ಮೂವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಮುಟ್ಟಿತು. ಬಹಳ ಕಡೆ ಪತ್ರ ಕೊಟ್ಟವನ ಮೈಮೇಲೆ ಕೈಮಾಡಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕಾಗದ. ಸೈನ್ಯ ಬಂತು, 951 ಜನರನ್ನು ಹಿಡಿದರು.

ಇಲ್ಲಿ ಒಂದು ಕಹಿ ಸತ್ಯವನ್ನು ಮರೆಮಾಚಬಾರದು. ಆ ಕೋಪ ಎಲ್ಲ ಸಾಹುಕಾರರ ಮೇಲೆ ಸಮನಾಗಿ ಬೀಳಲಿಲ್ಲ. ಊರವರೇ ಆದ ಲೇವಾದೇವಿಗಾರರು ಹಲವು ಕಡೆ ಪಾರಾದರು. ಬೆಂಕಿ ಬಿದ್ದದ್ದು ಹೆಚ್ಚಾಗಿ ಮಾರವಾಡಿ, ಗುಜರಾತಿ ಅಂಗಡಿಗಳಿಗೆ, ಅಂದರೆ ಬೇರೆ ಮಾತಾಡುವ, ಬೇರೆ ಕಡೆಯಿಂದ ಬಂದ ನೆರೆಯವರಿಗೆ. ಅವರಲ್ಲಿ ಅನೇಕರು ನಿರ್ದಯರಾಗಿದ್ದಿರಬಹುದು. ಆದರೆ ಹತ್ತಿಯ ಬೆಲೆ ಬಿದ್ದದ್ದು ಅವರಿಂದಲ್ಲ. ಕಂದಾಯ ಏರಿಸಿದವರೂ ಅವರಲ್ಲ. ಕುಸಿತದ ಕಾಲದಲ್ಲಿ ಕಾರಣಗಳು ಕಣ್ಣಿಗೆ ಕಾಣದಷ್ಟು ದೂರದಲ್ಲಿರುತ್ತವೆ, ಕೈಗೆ ಸಿಗುವುದು ಪಕ್ಕದ ಬೀದಿಯವನು. ದುಡಿಮೆಯಿಲ್ಲದ ದಿನಗಳಲ್ಲಿ 'ಇವರಿಂದಲೇ ನಮಗೆ ಹೀಗಾಯಿತು' ಎಂದು ಒಂದು ಜನವರ್ಗವನ್ನು ಬೆರಳು ಮಾಡಿ ತೋರಿಸುವವರ ಮಾತಿಗೆ ಕಿವಿಗಳು ಬೇಗ ಸಿಗುತ್ತವೆ. ಆ ಬೆರಳಿನ ತುದಿಯಲ್ಲಿ ನಿಂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಫಲವನ್ನೂ ನೋಡೋಣ. 1857ರ ನೆನಪು ಹಸಿಯಾಗಿದ್ದ ಭಾರತ ಸರಕಾರ ಮುಂಬಯಿ ಸರಕಾರವನ್ನು ಎಚ್ಚರಿಸಿತು, ವಿಚಾರಣಾ ಆಯೋಗ ನೇಮಕವಾಯಿತು. ಅದರ ವರದಿ 1878ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಹೋಯಿತು. ರೈತರ ಸಿಟ್ಟಿಗೆ ಕಾರಣ ಕಂದಾಯವಲ್ಲ, ಸಾಹುಕಾರರು ಎಂಬುದು ಅದರ ತೀರ್ಮಾನ! ಆಯೋಗದ ಸದಸ್ಯರಲ್ಲೊಬ್ಬರಾದ ಆಕ್ಲೆಂಡ್ ಕಾಲ್ವಿನ್ ಮಾತ್ರ ಪ್ರತ್ಯೇಕ ಟಿಪ್ಪಣಿಯಲ್ಲಿ ಕಂದಾಯದ ಏರಿಕೆಯತ್ತ ಬೊಟ್ಟುಮಾಡಿದರು. ಆಮೇಲೆ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂತು. ಪುಣೆ, ಸತಾರಾ, ಸೋಲಾಪುರ, ಅಹಮದ್‌ನಗರ ಈ ನಾಲ್ಕು ಜಿಲ್ಲೆಗಳ ರೈತರನ್ನು ಇನ್ನು ಸಾಲಕ್ಕಾಗಿ ಜೈಲಿಗೆ ಹಾಕುವಂತಿಲ್ಲ. ನ್ಯಾಯಾಧೀಶ ಪತ್ರದ ಹಿಂದಕ್ಕೆ ಹೋಗಿ ಸಾಲದ ಇಡೀ ಚರಿತ್ರೆಯನ್ನು ವಿಚಾರಿಸಬೇಕು. ಕಟ್ಟಿದ ಹಣಕ್ಕೆ ರಸೀದಿ ಕೊಡಬೇಕು. ಪತ್ರಗಳನ್ನು ಹಳ್ಳಿಯ ನೋಂದಣಿಗಾರನ ಎದುರಿನಲ್ಲಿ ಬರೆಯಬೇಕು.

ಇದು ಸಣ್ಣ ಗೆಲುವಲ್ಲ. ಒಂದು ಸಂತೆಯ ದಿನದ ಗಲಭೆ ನಾಲ್ಕು ವರ್ಷದಲ್ಲಿ ಕಾಯಿದೆಯಾಯಿತು. ಆದರೆ ಅದರ ಗುರಿ ಎತ್ತ ಇತ್ತೆಂಬುದನ್ನು ಗಮನಿಸಬೇಕು. ಸಿಟ್ಟು ಸಾಹುಕಾರನತ್ತ ತಿರುಗಿತ್ತು, ಕಾಯಿದೆಯೂ ಸಾಹುಕಾರನತ್ತ ತಿರುಗಿತು. ಸರಕಾರ ತನ್ನ ಕಂದಾಯದ ಚೀಲವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನ್ಯಾಯಾಧೀಶನ ಪೀಠದಲ್ಲಿ ಕುಳಿತುಬಿಟ್ಟಿತು. ಜನರೂ ಆ ಚೀಲವನ್ನು ತೋರಿಸಿ ಕೂಗಿರಲಿಲ್ಲ.

ಕಂದಾಯದತ್ತ ಬೊಟ್ಟುಮಾಡಿದವರು ಬೇರೆ ಇದ್ದರು. 1870ರ ಏಪ್ರಿಲ್ 2ರಂದು ಪುಣೆಯಲ್ಲಿ ಸಾರ್ವಜನಿಕ ಸಭೆ ಹುಟ್ಟಿತು. ಅದನ್ನು ಕಟ್ಟಿದ ವಕೀಲ ಗಣೇಶ ವಾಸುದೇವ ಜೋಶಿಯವರನ್ನು ಜನ 'ಸಾರ್ವಜನಿಕ ಕಾಕಾ' ಎಂದೇ ಕರೆದರು. ಮಹಾದೇವ ಗೋವಿಂದ ರಾನಡೆ ಮರುವರ್ಷ ಪುಣೆಗೆ ಬಂದು ಅದರ ಬೆನ್ನೆಲುಬಾದರು. ಸಭೆಯ ಆರಂಭದ 95 ಸದಸ್ಯರು ಸುಮಾರು ಆರು ಸಾವಿರ ಜನರಿಂದ ಮುಖ್ತಾರನಾಮೆಗಳನ್ನು ಬರೆಸಿಕೊಂಡು ಬಂದಿದ್ದರು. ಮತದಾನವೆಂಬುದೇ ಇಲ್ಲದ ಕಾಲದಲ್ಲಿ 'ನೀವು ಯಾರ ಪರವಾಗಿ ಮಾತಾಡುತ್ತೀರಿ?' ಎಂದು ಸರಕಾರ ಕೇಳಿದರೆ ತೋರಿಸಲು ಅವರ ಬಳಿ ಕಾಗದವಿತ್ತು. ಸಭೆಯಲ್ಲಿದ್ದವರು ಓದಿದ ಮೇಲ್ಜಾತಿಯ ಜನ, ವಕೀಲರು, ಇನಾಮುದಾರರು. ಹೆಬ್ಬೆಟ್ಟಿನ ಕುಣಬಿಗೆ ಅಲ್ಲಿ ಕುರ್ಚಿಯಿರಲಿಲ್ಲ. ಆದರೂ ಅವರು ತಾಲೂಕುಗಳಿಂದ ಮಾಹಿತಿ ತರಿಸಿ, ಲೆಕ್ಕ ಹಾಕಿ, ರೈತರ ಸ್ಥಿತಿಯ ಬಗ್ಗೆ 1873ರಲ್ಲಿ ಒಂದು ವರದಿ ಸಿದ್ಧಪಡಿಸಿದರು.

ಅತ್ತ ರೈತರೂ ಏರಿಕೆಯ ವಿರುದ್ಧ ದೂರಿಕೊಂಡರು, ಕೆಲವು ಅಧಿಕಾರಿಗಳೂ ಸಂದೇಹ ಎತ್ತಿದರು. 1874ರಲ್ಲಿ, ಅಂದರೆ ಸುಪೆಯ ಬೆಂಕಿಗೂ ಮೊದಲು, ಮುಂಬಯಿ ಸರಕಾರ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು. ಮರು ಸರ್ವೆಯಲ್ಲಿ ಕಂದಾಯವನ್ನು ತಾಲೂಕಿನ ಒಟ್ಟು ಲೆಕ್ಕದಲ್ಲಿ ನೂರಕ್ಕೆ 33, ಒಂದು ಹಳ್ಳಿಗೆ 66, ಒಬ್ಬನ ಹಿಡುವಳಿಗೆ 100 ಇವುಗಳಿಗಿಂತ ಹೆಚ್ಚು ಏರಿಸಬಾರದೆಂದು ಗೊತ್ತುಮಾಡಿತು. ಸಭೆಯ ವರದಿಯೊಂದೇ ಇದಕ್ಕೆ ಕಾರಣವೆನ್ನಲಾಗದು. ಮಿತಿಯೂ ಉದಾರವೇನಲ್ಲ. ಆದರೂ ಬೆಂಕಿ ಮುಟ್ಟದ ಕಂದಾಯದ ಚೀಲವನ್ನು ಲೆಕ್ಕ ಮುಟ್ಟಿತ್ತು.

ಮರುವರ್ಷಗಳಲ್ಲಿ ಬರ ಬಂತು. 1876ರಿಂದ 78ರವರೆಗಿನ ಆ ಮಹಾಕ್ಷಾಮದ ಹೆಸರೆತ್ತಿದರೆ ಧಾರವಾಡ, ಬೆಳಗಾವಿ, ಅಂದಿನ ಕಲಾದಗಿ ಜಿಲ್ಲೆಗಳ ಚರಿತ್ರೆ ಇಂದಿಗೂ ನಡುಗುತ್ತದೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ 55 ಸಾವಿರ ಇದ್ದದ್ದು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಆಗ ಭಾರತ ಸರಕಾರ ಕಳಿಸಿದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಅರ್ಧ ಆಣೆ ಸಾಕೆಂದು ಗೊತ್ತುಮಾಡಿದ. 1877ರ ಆರಂಭದಲ್ಲಿ ಮುಂಬಯಿ ಪ್ರಾಂತದಲ್ಲಿ ಕೂಲಿಗಳು ಈ ಕೂಲಿಗೆ ದುಡಿಯುವುದಿಲ್ಲವೆಂದು ಗುಂಪುಗುಂಪಾಗಿ ಕಾಮಗಾರಿ ಬಿಟ್ಟು ನಡೆದರು. ಹಸಿದ ಹೊಟ್ಟೆಯ ಜನ ಮಾಡಿದ ಮುಷ್ಕರ ಅದು. ಸಾರ್ವಜನಿಕ ಸಭೆ ಅವರ ಪರವಾಗಿ ಸರಕಾರಕ್ಕೆ ಪತ್ರದ ಮೇಲೆ ಪತ್ರ ಬರೆಯಿತು, ಊರೂರಿನ ಸ್ಥಿತಿಯನ್ನು ವರದಿ ಮಾಡಿತು. ಮದ್ರಾಸಿನಲ್ಲಿ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಈ ಕೂಲಿಯಲ್ಲಿ ದುಡಿಯುವವನು ಬದುಕಲಾರನೆಂದು ವಾದಿಸಿದರು, ಅಲ್ಲಿ ಅದನ್ನು ಹೆಚ್ಚಿಸಲಾಯಿತು. ಕ್ಷಾಮ ಆಯೋಗ ಕುಳಿತಿತು, 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಬಂತು. ಬರದ ಕಾಲದಲ್ಲಿ ಕೆಲಸ, ಕೂಲಿ ಕೊಡುವುದು ಅಧಿಕಾರಿಯ ದಯೆಯಲ್ಲ, ಸರಕಾರದ ಹೊಣೆ ಎಂಬುದು ಕೊನೆಗೂ ಕಾಗದದ ಮೇಲೆ ಇಳಿಯಿತು. ಅದಕ್ಕೆ ಮೊದಲು ಲಕ್ಷಗಟ್ಟಲೆ ಜನ ಸಾಯಬೇಕಾಯಿತು.

1896-97ರಲ್ಲಿ ಮತ್ತೆ ಬರ ಬಂದಾಗ ಆ ಕಾಗದದ ಬೆಲೆ ತಿಳಿಯಿತು. ಆ ಹೊತ್ತಿಗೆ ಸಭೆ ತಿಲಕರ ಕೈಯಲ್ಲಿತ್ತು. ಅದರ ಪ್ರಚಾರಕರು ಹಳ್ಳಿಗಳಿಗೆ ಹೋಗಿ, ನಿಯಮದಲ್ಲಿ ಬರೆದಿರುವುದು ಹೀಗಿದೆ, ಬೆಳೆ ಕೈಕೊಟ್ಟಾಗ ಕಂದಾಯ ಮುಂದೂಡಲು, ಮನ್ನಾ ಮಾಡಲು ನೀವು ಕೇಳಬಹುದು ಎಂದು ಓದಿ ಹೇಳಿದರು. ಹೊಸ ಬೇಡಿಕೆಯೇನೂ ಇರಲಿಲ್ಲ. ಸರಕಾರವೇ ಬರೆದದ್ದನ್ನು ಸರಕಾರದ ಪ್ರಜೆಗಳಿಗೆ ತಿಳಿಸಿದರು, ಅಷ್ಟೆ. ಅಷ್ಟಕ್ಕೇ ಕೆಲವರ ಮೇಲೆ ಮೊಕದ್ದಮೆ ಹೂಡಲಾಯಿತು. 1897ರ ಮಾರ್ಚ್‌ನಲ್ಲಿ ಸರಕಾರ ಸಭೆಯ ಮಾನ್ಯತೆಯನ್ನೇ ಕಿತ್ತುಕೊಂಡಿತು. ಹಳ್ಳಿಗನು ಕಾಯಿದೆ ಓದಿಸಿಕೊಂಡು ತಿಳಿದುಕೊಂಡರೆ ಸಾಮ್ರಾಜ್ಯಕ್ಕೆ ಅಷ್ಟು ಭಯ!

ಆ ಭಯ ಸ್ವಾತಂತ್ರ್ಯದೊಂದಿಗೆ ಹೋಗಲಿಲ್ಲ. ರಾಜಸ್ಥಾನದಲ್ಲಿ ಬರಗಾಲದ ಕಾಮಗಾರಿಗಳಲ್ಲಿ ಪೂರ್ತಿ ಕೂಲಿ ಸಿಗದ ಜನರೊಂದಿಗೆ ದುಡಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1990ರಲ್ಲಿ ಹುಟ್ಟಿತು. 1994ರ ಡಿಸೆಂಬರ್‌ನಿಂದ ಅವರು ಹಳ್ಳಿಗಳಲ್ಲಿ ಜನಸುನವಾಯಿ ನಡೆಸಿ ಹಾಜರಿ ಪಟ್ಟಿಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಯಾರ ಹೆಸರಿನಲ್ಲಿ ಎಷ್ಟು ಕೂಲಿ ಬರೆದಿದೆ, ಕೈಗೆ ಬಂದದ್ದೆಷ್ಟು ಎಂದು ಕೂಲಿಯವರೇ ಎದ್ದು ನಿಂತು ಹೇಳಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕುಳಿತರು. ಆ ದಾರಿ 2005ರ ಮಾಹಿತಿ ಹಕ್ಕು ಕಾಯಿದೆಗೆ ಬಂದು ಸೇರಿತು. ಪುಣೆಯ ಸಭೆಯಲ್ಲಿ ಕುರ್ಚಿ ಸಿಗದಿದ್ದ ಹೆಬ್ಬೆಟ್ಟಿನವರು ಇಲ್ಲಿ ತಮ್ಮ ಲೆಕ್ಕವನ್ನು ತಾವೇ ಹೇಳಿದರು.

ನಮ್ಮ ನಾಡಿಗೆ ಬಂದರೆ, 1976ರ ಕರ್ನಾಟಕ ಋಣ ಪರಿಹಾರ ಕಾಯಿದೆಯನ್ನು ಹಿರಿಯರು ನೆನೆಯುತ್ತಾರೆ. 2025ರ ಆರಂಭದಲ್ಲಿ ಕಿರುಸಾಲದ ವಸೂಲಿಗಾರರ ಕಾಟಕ್ಕೆ ಹೆದರಿ ಹಲವು ಜಿಲ್ಲೆಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು, ಜೀವ ಕಳೆದುಕೊಂಡವರೂ ಇದ್ದರು. ಹೆಣ್ಣುಮಕ್ಕಳು ಠಾಣೆ, ಕಚೇರಿಗಳ ಮುಂದೆ ನಿಂತು ದೂರು ಕೊಟ್ಟರು. ಆ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಬಂತು. ಅದು 1879ರ ಕಾಯಿದೆಯ ಮೊಮ್ಮಗಳೆಂದು ನನಗೆ ಅನಿಸಿತು. ಅಜ್ಜಿಯ ಗುಣವೂ ಅದಕ್ಕಿದೆ. ಸಾಲ ಕೊಟ್ಟವನನ್ನು ಅದು ಪ್ರಶ್ನಿಸುತ್ತದೆ. ಸಾಲ ಮಾಡದೆ ಬದುಕಲಾಗದಂತೆ ಮಾಡಿದ ಕೂಲಿ, ಆಸ್ಪತ್ರೆ, ಶಾಲೆಯ ಶುಲ್ಕಗಳ ಲೆಕ್ಕವನ್ನು ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ನಾವು.

ನಮ್ಮ ಮೊಹಲ್ಲಾದ ಹೆಣ್ಣುಮಕ್ಕಳು ಆಗೀಗ ಕಾಗದ ಹಿಡಿದು ನನ್ನ ಬಳಿ ಬರುತ್ತಾರೆ. ಹೆಚ್ಚಿನವು ಇಂಗ್ಲಿಷಿನಲ್ಲಿರುತ್ತವೆ. ಹೋದ ವರ್ಷ ಬೀಡಿ ಕಟ್ಟುವ ಒಬ್ಬ ಹೆಂಗಸು ಬಂದಿದ್ದರು. 'ಭಾಯ್, ಇದ್ರಾಗ ಏನ್ ಬರ್ದಾರ ನೋಡ್ರಿ' ಎಂದು ಸಾಲದ ಕಾಗದ ಮುಂದಿಟ್ಟರು. ಓದಿ ಹೇಳಿದೆ. ಬಡ್ಡಿಯ ದರ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಕಟ್ಟಿದ ಕಂತುಗಳ ರಸೀದಿ ಎಲ್ಲಿ ಎಂದೆ. ಕೆಲವನ್ನು ಕೊಟ್ಟೇ ಇರಲಿಲ್ಲ, ಕೆಲವನ್ನು ಮಕ್ಕಳು ದೋಣಿ ಮಾಡಿ ಆಡಿದ್ದರು. ಇನ್ನು ಮುಂದೆ ಪ್ರತಿ ಕಂತಿಗೂ ಕೇಳಿ ಪಡೆಯಿರಿ, ಒಂದು ಡಬ್ಬಿಯಲ್ಲಿಡಿ, ಗುಂಪಿನ ಉಳಿದವರಿಗೂ ಹೇಳಿ ಎಂದೆ.

ಈಚೆಗೆ ಅವರು ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ತೋರಿಸಿದರು. ಅದರಲ್ಲಿ ಅವರವು ಮಾತ್ರವಲ್ಲ, ಗುಂಪಿನ ಒಂಬತ್ತು ಮನೆಗಳ ರಸೀದಿಗಳಿದ್ದವು. 'ಈಗ ಇದನ್ನ ತಗೊಂಡು ಯಾರ ಕಡೆ ಹೋಗಬೇಕ್ರಿ ಭಾಯ್?' ಎಂದು ಕೇಳಿದರು. ಅಂದು ಸಂಜೆ ಅರ್ಜಿ ಬರೆಯಲು ಕುಳಿತೆವು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ.